ಕೌಂಟರ್ ನಿಲ್ಲಿಸದೆ ಡೇಟಾಬೇಸ್ ಪಾಸ್‌ವರ್ಡ್ ಬದಲಿಸಿದ್ದು

ದಾವಣಗೆರೆ ಎಪಿಎಂಸಿ ಯಾರ್ಡಿನ ಒಂದು ದಲ್ಲಾಳಿ ಅಂಗಡಿಯ ಬಿಲ್ಲಿಂಗ್ ಸಾಫ್ಟ್‌ವೇರ್ ನೋಡಿಕೊಳ್ಳುವುದು ನನ್ನ ಕೆಲಸ. ಕೆಲಸ ಬಿಟ್ಟು ಹೋದ ಗುಮಾಸ್ತರಿಗೆ ಡೇಟಾಬೇಸ್ ಪಾಸ್‌ವರ್ಡ್ ಗೊತ್ತಿತ್ತು. ಬದಲಿಸಲೇಬೇಕು. ಆದರೆ ಅದು ಮೆಕ್ಕೆಜೋಳದ ಸೀಸನ್. ತೂಕ, ಹಮಾಲಿ, ರೈತರಿಗೆ ಪಟ್ಟಿ ಎಲ್ಲ ಒಟ್ಟೊಟ್ಟಿಗೆ. ಕೌಂಟರ್ ನಿಲ್ಲಿಸಿ ಅಂದ್ರೆ ಸಾಹುಕಾರರು ಕೇಳ್ತಾರಾ?

ಅಲ್ಲಿರುವುದು ಉಬುಂಟು (ಲಿನಕ್ಸ್) ಮೇಲೆ ಮೈಎಸ್‌ಕ್ಯೂಎಲ್ 8 ಅನ್ನುವ ಡೇಟಾಬೇಸ್. ಟರ್ಮಿನಲ್‌ನಲ್ಲಿ ‘ಸುಡೋ ಮೈಎಸ್‌ಕ್ಯೂಎಲ್’ ಕೊಟ್ಟು ರೂಟ್ ಆಗಿ, ಅಂದರೆ ಎಲ್ಲ ಅಧಿಕಾರ ಇರುವ ಖಾತೆಯಲ್ಲಿ, ಒಳಗೆ ಹೋದೆ. ಬೇರೆ ಖಾತೆಯಿಂದ ಹೋಗುವಾಗ ಪಾಸ್‌ವರ್ಡ್ ಕೊಡುವ ‘ಮೈನಸ್ ಪಿ’ ಆಯ್ಕೆಗೇ ಪಾಸ್‌ವರ್ಡ್ ಅಂಟಿಸಿ ಬರೆಯುವ ಚಾಳಿ ಬಹಳ ಜನರಿಗಿದೆ. ಅದು ಶೆಲ್ ಹಿಸ್ಟರಿಯಲ್ಲಿ, ಅಂದರೆ ಹಿಂದೆ ಕೊಟ್ಟ ಕಮಾಂಡ್‌ಗಳ ಪಟ್ಟಿಯಲ್ಲಿ, ಹಾಗೇ ಕೂತುಬಿಡುತ್ತದೆ. ಬರೀ ಮೈನಸ್ ಪಿ ಕೊಟ್ಟರೆ ಅದೇ ಕೇಳುತ್ತದಲ್ಲ!

ಮೊದಲು ಯೂಸರ್ ಟೇಬಲ್‌ನಿಂದ ಯೂಸರ್, ಹೋಸ್ಟ್ (ಯಾವ ಕಂಪ್ಯೂಟರಿನಿಂದ ಬರಬಹುದು ಅನ್ನುವುದು) ಎರಡನ್ನೂ ಸೆಲೆಕ್ಟ್ ಮಾಡಿ ನೋಡಿದೆ. ಮೈಎಸ್‌ಕ್ಯೂಎಲ್‌ನಲ್ಲಿ ಹೆಸರು ಒಂದೇ ಇದ್ದರೂ ಹೋಸ್ಟ್ ಬೇರೆಯಾದರೆ ಖಾತೆಯೇ ಬೇರೆ. ನಮ್ಮ ‘ಬಿಲ್ಲಿಂಗ್’ ಖಾತೆ ಲೋಕಲ್‌ಹೋಸ್ಟ್‌ಗೊಂದು (ಡೇಟಾಬೇಸ್ ಇರುವ ಕಂಪ್ಯೂಟರೇ), ಪರ್ಸೆಂಟ್ ಚಿಹ್ನೆಗೊಂದು ಇತ್ತು. ಪರ್ಸೆಂಟ್ ಅಂದರೆ ಯಾವ ಕಂಪ್ಯೂಟರಿನಿಂದ ಬಂದರೂ ಸರಿ ಅಂತ. ಅದೊಂದನ್ನು ಬಿಟ್ಟಿದ್ದರೆ ಮಾಡಿದ್ದೆಲ್ಲ ದಂಡ.

ಎರಡಕ್ಕೂ ಆಲ್ಟರ್ ಯೂಸರ್, ಐಡೆಂಟಿಫೈಡ್ ಬೈ, ಹೊಸ ಪಾಸ್‌ವರ್ಡ್, ಕೊನೆಯಲ್ಲಿ ‘ರಿಟೇನ್ ಕರೆಂಟ್ ಪಾಸ್‌ವರ್ಡ್’. ನನ್ನ ಕೆಲಸ ಉಳಿಸಿದ್ದೇ ಈ ಬಾಲ. ಮೈಎಸ್‌ಕ್ಯೂಎಲ್‌ನ 8.0.14 ಆವೃತ್ತಿಯಲ್ಲಿ ಬಂದದ್ದು. ಹಳೆಯದೂ ನಡೆಯುತ್ತದೆ, ಹೊಸದೂ ನಡೆಯುತ್ತದೆ. ಆಮೇಲೆ ಫ್ಲಶ್ ಪ್ರಿವಿಲೇಜಸ್ (ಖಾತೆಗಳ ಅನುಮತಿಯನ್ನು ಮತ್ತೆ ಓದಿಸುವ ಕಮಾಂಡ್) ಬೇಕಿಲ್ಲ. ರೂಢಿಗೆ ಸುಮ್ನೆ ಹೊಡೀತಾರೆ ಅಷ್ಟೇ. ಬಿಲ್ ಒಂದು ಕಡೆ ಹರೀತಾನೇ ಇತ್ತು. ಯಾರಾದರೂ ಟೀಗೆ ಎದ್ದಾಗ, ಊಟಕ್ಕೆ ಎದ್ದಾಗ ಅವರ ಕುರ್ಚಿಯಲ್ಲಿ ಕೂತು ಸೆಟ್ಟಿಂಗ್ ಫೈಲ್ ತಿದ್ದುತ್ತಾ ಹೋದೆ. ರಾತ್ರಿ ಕ್ರಾನ್‌ನಲ್ಲಿ (ಹೇಳಿದ ಹೊತ್ತಿಗೆ ತಾನಾಗಿ ಕೆಲಸ ನಡೆಸುವ ವ್ಯವಸ್ಥೆ) ಓಡುವ ಬ್ಯಾಕಪ್ ಸ್ಕ್ರಿಪ್ಟನ್ನೂ ತಿದ್ದಿದೆ.

ಸಂಜೆ ಎರಡೂ ಖಾತೆಗೆ ‘ಡಿಸ್ಕಾರ್ಡ್ ಓಲ್ಡ್ ಪಾಸ್‌ವರ್ಡ್’ ಕೊಟ್ಟು ಹಳೆಯದನ್ನು ರದ್ದು ಮಾಡಿದೆ. ಇಲ್ಲಿ ಸ್ವಲ್ಪ ಹುಷಾರು ಬೇಕು. ಪಾಸ್‌ವರ್ಡ್ ನೋಡುವುದು ಕನೆಕ್ಷನ್ ಆಗುವಾಗ ಮಾತ್ರ. ಬೆಳಗ್ಗೆಯಿಂದ ತೆರೆದೇ ಇರುವ ಪ್ರೋಗ್ರಾಂ ಏನೂ ಆಗದವರ ಹಾಗೆ ನಡೆಯುತ್ತಿರುತ್ತದೆ, ಮರುದಿನ ತೆರೆದಾಗ ಕೈ ಕೊಡುತ್ತದೆ. ಹಾಗಾಗಿ ಪ್ರತಿ ಕೌಂಟರಿನಲ್ಲೂ ಮುಚ್ಚಿ ತೆರೆಸಿದೆ. ತೂಕದ ಕಂಪ್ಯೂಟರ್ ತಕ್ಷಣ ಎರರ್ 1045, ‘ಆಕ್ಸೆಸ್ ಡಿನೈಡ್’ ಅಂತು. ಅಲ್ಲಿ ಚೀಟಿ ಪ್ರಿಂಟ್ ಮಾಡುವ ಪ್ರೋಗ್ರಾಂಗೆ ಬೇರೆಯೇ ಫೈಲ್ ಇತ್ತು. ಅದನ್ನೂ ತಿದ್ದಿದೆ.

ಬ್ಯಾಕಪ್ಪನ್ನು ರಾತ್ರಿಗೆ ಬಿಡಲಿಲ್ಲ, ಕೈಯಲ್ಲೇ ಓಡಿಸಿದೆ. ಲಾಗಿನ್ ಆಗದಿದ್ದರೂ ಖಾಲಿ ಫೈಲ್ ಒಂದು ಹುಟ್ಟಿಕೊಳ್ಳುತ್ತದೆ, ಹೆಸರು ನೋಡಿದರೆ ಎಲ್ಲ ಸರಿಯಿದೆ ಅನ್ನಿಸುತ್ತದೆ. ಗಾತ್ರ ನೋಡಿಕೊಂಡೇ ಅಲ್ಲಿಂದ ಹೊರಟೆ.