ಹೊಳೆ ದಾಟಿಸುವ ಹಕ್ಕು, ಸೇತುವೆ ಟೋಲ್ ಹಕ್ಕು ಸರ್ಕಾರದ ಕೈಗೆ ಬರಬೇಕಾದರೆ

ಖಾಸಗಿಯವರು ನಡೆಸುವ ದೋಣಿಯನ್ನು ಪಂಚಾಯಿತಿ ತೆಗೆದುಕೊಳ್ಳಬೇಕೆಂಬ ಮಾತು ಎದ್ದಾಗ ಚರ್ಚೆ ದೋಣಿಯ ಬೆಲೆಯಿಂದ ಶುರುವಾಗುತ್ತದೆ. ದೋಣಿ ಇಲ್ಲಿ ಚಿಲ್ಲರೆ ಬಾಬತ್ತು. ಕೊಳ್ಳಬೇಕಾದದ್ದು ಜನರನ್ನು ದಾಟಿಸಿ ಹಣ ವಸೂಲು ಮಾಡುವ ಹಕ್ಕನ್ನು. ಅದು ಎಲ್ಲಿಂದ ಹುಟ್ಟಿತು, ಯಾರ ಹೆಸರಿನಲ್ಲಿದೆ, ಎಂದಿಗೆ ಮುಗಿಯುತ್ತದೆ ಎಂಬುದು ಕಾಗದದಲ್ಲಿ ಸಿಗುವವರೆಗೆ ಹಣದ ಮಾತು ಎತ್ತಬೇಡಿ.

ಮೊದಲು ಹಕ್ಕು ಇದೆಯೇ ನೋಡಿ

‘ಅಜ್ಜನ ಕಾಲದಿಂದ ನಮ್ಮದೇ’ ಎನ್ನುವುದು ಕೆದಕಿ ನೋಡಿದರೆ ಎಷ್ಟೋ ಸಲ ಹರಾಜಿನಲ್ಲಿ ಹಿಡಿದ ವರ್ಷದ ಗುತ್ತಿಗೆಯಾಗಿರುತ್ತದೆ. ಹಾಗಿದ್ದರೆ ಸ್ವಾಧೀನವೇ ಬೇಕಿಲ್ಲ. ಅವಧಿ ಮುಗಿದ ದಿನ ನವೀಕರಿಸದೆ ಬಿಟ್ಟರೆ ಸಾಕು.

ಕಾಗದ ಹುಡುಕುವುದರಲ್ಲೇ ಹೆಚ್ಚು ಶ್ರಮ. ತುಂಗಭದ್ರೆಯ ಎರಡು ದಂಡೆಗಳು 1956ಕ್ಕೆ ಮೊದಲು ಒಂದೇ ಆಡಳಿತದಲ್ಲಿರಲಿಲ್ಲ. ಈಚೆಯ ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಆಚೆಯ ಹಡಗಲಿ, ಹರಪನಹಳ್ಳಿ 1953ರವರೆಗೆ ಮದ್ರಾಸಿನವು, ಹರಿಹರ ಮೈಸೂರಿನದು. ಈಚೆಗೂ ಎಲ್ಲವೂ ಬ್ರಿಟಿಷರದಲ್ಲ: ಶಿರಹಟ್ಟಿ ಸಾಂಗ್ಲಿ ಸಂಸ್ಥಾನದ್ದು, ಸವಣೂರು ನವಾಬರದು, ಕೊಪ್ಪಳ ಹೈದರಾಬಾದ್ ನಿಜಾಮರದು. ಆದ್ದರಿಂದ ಒಂದೇ ದೋಣಿಗೆ ಎರಡು ದಂಡೆಯಲ್ಲಿ ಎರಡು ಬಗೆಯ ದಾಖಲೆ ಸಿಗುತ್ತದೆ, ಎರಡನ್ನೂ ತೆಗೆಸಬೇಕು. ಗದಗ, ಹಾವೇರಿ ಪ್ರತ್ಯೇಕ ಜಿಲ್ಲೆಗಳಾದದ್ದು 1997ರಲ್ಲಿ. ಹಳೆಯ ಕಡತ ಅಲ್ಲಿ ಸಿಗದಿದ್ದರೆ ಧಾರವಾಡ ಜಿಲ್ಲಾಧಿಕಾರಿ ಕಚೇರಿಯ ರೆಕಾರ್ಡ್ ರೂಮಿಗೂ ಅರ್ಜಿ ಹಾಕಿ.

ಕೇಳಬೇಕಾದ ಕಾಗದಗಳು ಇವು: ಎರಡೂ ದಂಡೆಯ ಉತಾರ (ಪಹಣಿ) ಮತ್ತು ಸರ್ವೆ ನಕ್ಷೆ, ಸನದು (ಹಿಂದಿನ ಆಡಳಿತ ಕೊಟ್ಟ ಹಕ್ಕುಪತ್ರ) ಅಥವಾ ಗುತ್ತಿಗೆ ಪತ್ರ, ಹರಾಜಿನ ನಡಾವಳಿ, ಪಂಚಾಯಿತಿಗೆ ಕಟ್ಟಿದ ರಸೀದಿಗಳು. ಹೊಳೆಯ ಪಾತ್ರ ಸಾಮಾನ್ಯವಾಗಿ ಯಾರ ಹೆಸರಿನಲ್ಲೂ ಇರುವುದಿಲ್ಲ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 67ನೇ ಕಲಮಿನಂತೆ ಅದು ಸರ್ಕಾರದ್ದು. ಖಾಸಗಿಯವರಿಗೆ ಉಳಿಯುವುದು ದೋಣಿ ಹತ್ತಿಸುವ ದಂಡೆಯ ತುಣುಕು ಮತ್ತು ವಸೂಲಿಯ ಹಕ್ಕು.

1908ರ ನೋಂದಣಿ ಕಾಯ್ದೆಯ 2(6)ನೇ ಕಲಮು ಸ್ಥಿರಾಸ್ತಿಯ ಪಟ್ಟಿಯಲ್ಲಿ ದೋಣಿ ಹಕ್ಕನ್ನು ಹೆಸರಿಸಿಯೇ ಸೇರಿಸಿದೆ. ನೂರು ರೂಪಾಯಿಗೆ ಮೀರಿದ ಹಕ್ಕು ಕೈ ಬದಲಾಗಬೇಕಾದರೆ, ಒಂದು ವರ್ಷಕ್ಕೆ ಮೀರಿದ ಗುತ್ತಿಗೆ ಕೊಡಬೇಕಾದರೆ, ಉಪನೋಂದಣಿ ಕಚೇರಿಯಲ್ಲಿ ನೋಂದಣಿ ಆಗಿರಲೇಬೇಕು. ಬರೀ ಸ್ಟಾಂಪ್ ಪೇಪರಿನಲ್ಲಿ ಬರೆದುಕೊಟ್ಟದ್ದನ್ನು ತೋರಿಸಿ ಪರಿಹಾರ ಕೇಳಿದರೆ ಅಲ್ಲೇ ನಿಲ್ಲಿಸಿ, ಮೂಲ ಹಕ್ಕುದಾರರ ವಾರಸುದಾರರನ್ನು ಕರೆಸಿ. ತಪ್ಪು ವ್ಯಕ್ತಿಗೆ ಹಣ ಕೊಟ್ಟು, ಆಮೇಲೆ ನಿಜವಾದ ವಾರಸುದಾರರು ದಾವೆ ಹೂಡಿದರೆ ಎರಡು ಸಲ ಕೊಡಬೇಕಾಗುತ್ತದೆ.

ವಸೂಲಿ ಎಣಿಸುವುದು

ಹಕ್ಕುದಾರರು ಹೇಳುವ ಲೆಕ್ಕವನ್ನೂ ಪಂಚಾಯಿತಿಯ ಅಂದಾಜನ್ನೂ ನಂಬಿ ಕೂಡಬೇಡಿ. ದಂಡೆಯಲ್ಲಿ ಇಬ್ಬರನ್ನು ಕೂಡಿಸಿ, ಬೆಳಗಿನ ಮೊದಲ ದೋಣಿಯಿಂದ ಕತ್ತಲಾಗುವವರೆಗೆ ಪ್ರತಿ ಸುತ್ತಿನಲ್ಲಿ ಎಷ್ಟು ಜನ, ಎಷ್ಟು ಬೈಕು, ಎಷ್ಟು ಕುರಿ ಮೇಕೆ, ಎಷ್ಟು ಚೀಲ ದಾಟಿತು ಎಂದು ಬರೆಸಿ. ಏಳು ದಿನ ಬಿಡದೆ ಬರೆಸಿದರೆ ಸಂತೆಯ ದಿನವೂ ಸೇರುತ್ತದೆ. ಹೊಲದ ಕೆಲಸಕ್ಕೆ ದಾಟುವ ಕೂಲಿಯವರು, ಶಾಲೆಯ ಮಕ್ಕಳು ಹಲವು ಕಡೆ ವರ್ಷಕ್ಕೊಮ್ಮೆ ಕಾಳು ಕೊಟ್ಟು ಲೆಕ್ಕ ತೀರಿಸುತ್ತಾರೆ. ಅದು ದಿನದ ವಸೂಲಿಯಲ್ಲಿ ಕಾಣುವುದಿಲ್ಲ, ಬೇರೆ ಸಾಲಿನಲ್ಲಿ ಬರೆಯಿರಿ. ಭರತ ಹುಣ್ಣಿಮೆಯ ಮೈಲಾರ ಜಾತ್ರೆಯ ಆದಾಯವನ್ನು ಸರಾಸರಿಗೆ ಬೆರೆಸದೆ ಬೇರೆಯೇ ಇಡಿ. ಹೊಳೆ ತುಂಬಿ ದೋಣಿ ನಿಲ್ಲುವ ದಿನಗಳನ್ನು ಕಳೆಯಿರಿ.

ಒಪ್ಪಿಗೆಯಿಂದ, ಇಲ್ಲವೇ ಸ್ವಾಧೀನದಿಂದ

ಒಪ್ಪಿ ಕೊಟ್ಟರೆ ಅದೇ ಒಳ್ಳೆಯದು. ಗ್ರಾಮ ಪಂಚಾಯಿತಿ ಠರಾವು ಮಾಡಿ, ಬೆಲೆಗೆ ಮೇಲಿನವರ ಮಂಜೂರಾತಿ ಪಡೆದು, ಕ್ರಯಪತ್ರ ನೋಂದಣಿ ಮಾಡಿಸಬೇಕು. ಪತ್ರದಲ್ಲಿ ಎರಡೂ ದಂಡೆಯ ಸರ್ವೆ ನಂಬರು, ದೋಣಿ ಕಟ್ಟುವ ಗೂಟ, ಮೆಟ್ಟಿಲು, ದಾರಿ, ವಸೂಲಿಯ ಹಕ್ಕು ಎಲ್ಲವನ್ನೂ ಬೇರೆ ಬೇರೆ ಹೆಸರಿಸಿ.

ಒಪ್ಪದಿದ್ದರೆ 2013ರ ಭೂಸ್ವಾಧೀನ ಕಾಯ್ದೆ. ಅದರಲ್ಲಿ ‘ಭೂಮಿ’ ಎಂದರೆ ಭೂಮಿಯಿಂದ ಬರುವ ಲಾಭಗಳೂ ಸೇರುತ್ತವೆ, ಹಾಗಾಗಿ ಹಕ್ಕನ್ನು ದಂಡೆಯ ಜಾಗದೊಂದಿಗೆ ಸೇರಿಸಿಯೇ ಪ್ರಸ್ತಾವ ಬರೆಯಬೇಕು. ಸಾಮಾನ್ಯ ಕ್ರಮದಲ್ಲಿ ಸಾಮಾಜಿಕ ಪರಿಣಾಮ ಅಧ್ಯಯನ ಆರು ತಿಂಗಳೊಳಗೆ ಮುಗಿಯಬೇಕು. 11ನೇ ಕಲಮಿನ ಪ್ರಾಥಮಿಕ ಅಧಿಸೂಚನೆಯಾದ 60 ದಿನದೊಳಗೆ ತಕರಾರು ಸಲ್ಲಿಸಬಹುದು. ಆ ಅಧಿಸೂಚನೆಯಿಂದ 12 ತಿಂಗಳೊಳಗೆ 19ನೇ ಕಲಮಿನ ಘೋಷಣೆ ಬರಬೇಕು, ಘೋಷಣೆಯಿಂದ 12 ತಿಂಗಳೊಳಗೆ ಅವಾರ್ಡ್, ಅಂದರೆ ಪರಿಹಾರ ಗೊತ್ತುಮಾಡುವ ಆದೇಶ, ಆಗಬೇಕು. ಗಡುವು ಮೀರಿದರೆ ಕಡತ ಬಿದ್ದುಹೋಗುತ್ತದೆ.

ತೀರ ಸಾಮಾನ್ಯವಾದ ಎಡವಟ್ಟು ಎಂದರೆ ಒಂದೇ ದಂಡೆಯನ್ನು ಸ್ವಾಧೀನಕ್ಕೆ ಸೇರಿಸುವುದು. ಈಚೆ ದಂಡೆ ಹಾವೇರಿ ಜಿಲ್ಲೆಯದಾಗಿ, ಆಚೆಯದು ವಿಜಯನಗರ ಅಥವಾ ದಾವಣಗೆರೆಯದಾಗಿದ್ದರೆ ಇಬ್ಬರು ಜಿಲ್ಲಾಧಿಕಾರಿಗಳು, ಎರಡು ಅಧಿಸೂಚನೆ. ಒಂದು ಹಿಂದೆ ಬಿದ್ದರೆ ಹಳೆಯ ಹಕ್ಕುದಾರರು ಆಚೆಯಿಂದ ದೋಣಿ ಬಿಡುತ್ತಲೇ ಇರುತ್ತಾರೆ. ಅವರನ್ನು ತಡೆಯಲು ಕಾನೂನಿನ ಬಲ ಇರುವುದಿಲ್ಲ.

ಪರಿಹಾರದ ಲೆಕ್ಕ ಹೀಗೆ. ದಂಡೆಯ ಜಾಗದ ಮಾರುಕಟ್ಟೆ ಬೆಲೆ 5 ಲಕ್ಷ, ಗ್ರಾಮೀಣ ಗುಣಕ (ಹಳ್ಳಿಯ ಜಾಗದ ಬೆಲೆಯನ್ನು ಗುಣಿಸುವ ಸಂಖ್ಯೆ) 1.5 ಎಂದಿಟ್ಟುಕೊಂಡರೆ 7.5 ಲಕ್ಷ. ಮೆಟ್ಟಿಲು, ಶೆಡ್ಡಿಗೆ 1.5 ಲಕ್ಷ ಸೇರಿ 9 ಲಕ್ಷ. ಅದರ ಮೇಲೆ ಶೇ 100 ಸೊಲೇಶಿಯಂ (ಒತ್ತಾಯದಿಂದ ತೆಗೆದುಕೊಂಡದ್ದಕ್ಕೆ ಕೊಡುವ ಸಾಂತ್ವನ ಮೊತ್ತ) ಸೇರಿ 18 ಲಕ್ಷ. ಮಾರುಕಟ್ಟೆ ಬೆಲೆಗೆ ವರ್ಷಕ್ಕೆ ಶೇ 12ರಂತೆ ಹೆಚ್ಚುವರಿ ಮೊತ್ತ ಬೇರೆ. ಗಳಿಕೆಗೆ ಆಗುವ ನಷ್ಟವನ್ನು 28ನೇ ಕಲಮಿನಡಿ ಕೇಳಬಹುದು. ಮೇಲಿನ ಎಣಿಕೆಯ ಪುಸ್ತಕ ಕೆಲಸಕ್ಕೆ ಬರುವುದು ಇಲ್ಲೇ.

ಅಂಬಿಗರನ್ನು ಮರೆಯಬೇಡಿ. ಹಕ್ಕು ಒಬ್ಬರದು, ಹುಟ್ಟು ಹಾಕುವವರು ಬೇರೆ. ಸ್ವಾಧೀನಕ್ಕೆ ಮುಂಚಿನ ಮೂರು ವರ್ಷ ಜಲಮೂಲವನ್ನೇ ಮುಖ್ಯವಾಗಿ ನಂಬಿ ಬದುಕಿದ ದೋಣಿಯವರ ಕುಟುಂಬವನ್ನು ಕಾಯ್ದೆಯ 3(ಸಿ) ಕಲಮು ಬಾಧಿತ ಕುಟುಂಬವೆಂದು ಎಣಿಸುತ್ತದೆ. ಎರಡನೇ ಅನುಸೂಚಿಯಂತೆ ಅವರು ಉದ್ಯೋಗ, ಒಮ್ಮೆಲೇ 5 ಲಕ್ಷ ರೂಪಾಯಿ, ಇಲ್ಲವೇ 20 ವರ್ಷ ತಿಂಗಳಿಗೆ ಕನಿಷ್ಠ 2,000 ರೂಪಾಯಿ ಕೇಳಬಹುದು. ಇವರ ಹೆಸರುಗಳನ್ನು ಅಧ್ಯಯನದ ಹಂತದಲ್ಲೇ ಬರೆಸದಿದ್ದರೆ ಅವಾರ್ಡಿನ ಹೊತ್ತಿಗೆ ಯಾರೂ ಕೇಳುವುದಿಲ್ಲ. ಇದು ಅನ್ಯಾಯವೂ ಹೌದು, ದಡ್ಡತನವೂ ಹೌದು: ಹೊಳೆಯ ಸುಳಿ, ಮಡು ಬಲ್ಲವರು ಅವರೇ.

ಟೋಲ್ ಸೇತುವೆ, ಟೋಲ್ ರಸ್ತೆ

ಇಲ್ಲಿ ನೆಲ ಸಾಮಾನ್ಯವಾಗಿ ಸರ್ಕಾರದ್ದೇ ಇರುತ್ತದೆ. ಬಿಡಿಸಿಕೊಳ್ಳಬೇಕಾದದ್ದು ಕರಾರನ್ನು. ಗಬ್ಬೂರಿನಿಂದ ನರೇಂದ್ರದವರೆಗಿನ ಹುಬ್ಬಳ್ಳಿ-ಧಾರವಾಡ ಬೈಪಾಸ್ ಇದಕ್ಕೆ ಹತ್ತಿರದ ಪಾಠ. 2021ರ ಜನವರಿಯ ಇಟಿಗಟ್ಟಿ ಅಪಘಾತದ ನಂತರ ರಸ್ತೆ ಅಗಲವಾಗಬೇಕೆಂಬ ಕೂಗು ಜೋರಾದಾಗ, ಟೋಲ್ ಕರಾರಿನ ಉಳಿದ ಅವಧಿಯೇ ತೊಡಕಾಗಿತ್ತು. ಅವಧಿಗೆ ಮೊದಲೇ ಬಿಡಿಸಿಕೊಳ್ಳುವ ಷರತ್ತು, ಆಗ ಕೊಡಬೇಕಾದ ಮೊತ್ತದ ಸೂತ್ರ, ಬ್ಯಾಂಕಿನ ಬಾಕಿ ಸಾಲ, ಈ ಮೂರನ್ನು ಕರಾರಿನಲ್ಲಿ ಮೊದಲು ಓದಿ.

ಸೂತ್ರ ಕೆಟ್ಟದ್ದಾಗಿದ್ದರೆ ಸಾಲ ಎಂದೂ ತೀರುವುದಿಲ್ಲ. ದೆಹಲಿ-ನೋಯ್ಡಾ ಡಿಎನ್‌ಡಿ ಸೇತುವೆಯ ಕರಾರು ವರ್ಷಕ್ಕೆ ಶೇ 20 ಲಾಭವನ್ನು ಖಾತ್ರಿ ಮಾಡಿತ್ತು. ಬಾರದ ಲಾಭ ಯೋಜನಾ ವೆಚ್ಚಕ್ಕೆ ಸೇರುತ್ತ ಹೋಗಿ ಮೊತ್ತ ಬೆಳೆಯುತ್ತಲೇ ಇತ್ತು. ಅಲಹಾಬಾದ್ ಹೈಕೋರ್ಟ್ 2016ರಲ್ಲಿ ಟೋಲ್ ನಿಲ್ಲಿಸಿತು, ಸುಪ್ರೀಂ ಕೋರ್ಟ್ 2024ರ ಡಿಸೆಂಬರಿನಲ್ಲಿ ಅದನ್ನು ಎತ್ತಿಹಿಡಿಯಿತು.

ಸೂತ್ರವೇ ಇಲ್ಲದಿದ್ದರೆ ಉಳಿದ ವರ್ಷಗಳ ನಿವ್ವಳ ಆದಾಯವನ್ನು ಇಂದಿನ ಬೆಲೆಗೆ ಇಳಿಸಿ. ವರ್ಷಕ್ಕೆ 6 ಲಕ್ಷ, 8 ವರ್ಷ ಎಂದು 48 ಲಕ್ಷ ಒಪ್ಪಬೇಡಿ. ಶೇ 10ರ ದರದಲ್ಲಿ ಅದರ ಇಂದಿನ ಬೆಲೆ ಸುಮಾರು 32 ಲಕ್ಷ. ಇದರಿಂದ ಬಾಕಿ ಉಳಿದ ದುರಸ್ತಿಯ ಖರ್ಚನ್ನೂ ಕಳೆಯಿರಿ: ಸಂದು, ಬೇರಿಂಗ್, ಕಂಬದ ಬುಡದಲ್ಲಿ ಮಣ್ಣು ಕೊರೆದ ಜಾಗ. ಈ ಪರಿಶೀಲನೆಯನ್ನು ನೀರು ಇಳಿದ ಬೇಸಿಗೆಯಲ್ಲಿ ಲೋಕೋಪಯೋಗಿ ಎಂಜಿನಿಯರರಿಂದ ಮಾಡಿಸಿ.

ಕಬ್ಜೆಯ ದಿನ

ಹಣ ಪೂರ್ತಿ ಕೊಡದೆ ಕಬ್ಜೆ ಇಲ್ಲ ಎನ್ನುತ್ತದೆ ಭೂಸ್ವಾಧೀನ ಕಾಯ್ದೆಯ 38ನೇ ಕಲಮು. ಪಂಚನಾಮೆಯಲ್ಲಿ ದೋಣಿ, ಹುಟ್ಟು, ಹಗ್ಗ, ಜಾಕೆಟ್ಟುಗಳ ಸಂಖ್ಯೆ ಬರೆದು ಎರಡೂ ಕಡೆಯವರ ಸಹಿ ಹಾಕಿಸಿ. ಹೊಸ ದರದ ಫಲಕವನ್ನು ಎರಡೂ ದಂಡೆಯಲ್ಲಿ ಹಿಂದಿನ ದಿನವೇ ನಿಲ್ಲಿಸಿ. ಮಳೆಗಾಲದ ಜೂನ್‌ನಿಂದ ಅಕ್ಟೋಬರಿನೊಳಗೆ ಕಬ್ಜೆ ಇಟ್ಟುಕೊಳ್ಳಬೇಡಿ. ಅಂಬಿಗರ ಕೆಲಸದ ಆದೇಶ ಕಬ್ಜೆಗೆ ಮೊದಲೇ ಅವರ ಕೈಯಲ್ಲಿದ್ದರೆ ದೋಣಿ ಒಂದು ಸುತ್ತೂ ತಪ್ಪುವುದಿಲ್ಲ.