ಕಂಟೇನರ್ ಒಳಗಿನ ಫ್ಲಾಸ್ಕ್ ಆ್ಯಪ್‌ಗೆ ವಿಎಸ್ ಕೋಡ್‌ನಿಂದ ಬ್ರೇಕ್‌ಪಾಯಿಂಟ್

ಡಾಕರ್ ಕಂಟೇನರ್‌ನಲ್ಲಿ ಓಡುವ ಫ್ಲಾಸ್ಕ್ (ಪೈಥಾನ್ ವೆಬ್ ಫ್ರೇಮ್‌ವರ್ಕ್) ಆ್ಯಪನ್ನು ವಿಎಸ್ ಕೋಡ್ ಎಡಿಟರ್‌ನಿಂದ ಬೇಕಾದ ಸಾಲಿನಲ್ಲಿ ನಿಲ್ಲಿಸಿ ನೋಡಲು ನಾನು ಬಳಸುವುದು ಡಿಬಗ್‌ಪೈ ಎಂಬ ಪೈಥಾನ್ ಡಿಬಗರ್. ಮೂಲ ಇಮೇಜ್‌ಗೆ ಅದನ್ನು ಸೇರಿಸುವುದಿಲ್ಲ. ಡಿಬಗ್‌ಗೆಂದೇ ಇನ್ನೊಂದು ಕಂಪೋಸ್ ಫೈಲ್ (ಕಂಟೇನರ್ ಹೇಗೆ ಓಡಬೇಕೆಂದು ಹೇಳುವ ಫೈಲ್) ಇಟ್ಟು, ಅದರ ಕಮಾಂಡ್‌ನಲ್ಲಿ ಮೊದಲು ಪಿಪ್‌ನಿಂದ ಡಿಬಗ್‌ಪೈ ಹಾಕಿಸಿ, ಆಮೇಲೆ ಅದರ ಮೂಲಕವೇ ಫ್ಲಾಸ್ಕ್ ಶುರುವಾಗುವಂತೆ ಬರೆಯುತ್ತೇನೆ.

ಡಿಬಗ್‌ಪೈ ಕನೆಕ್ಷನ್‌ಗಾಗಿ ಕಾಯುವ ಲಿಸನ್ ವಿಳಾಸ 0.0.0.0:5678 ಆಗಿರಬೇಕು. ಬರೀ 5678 ಎಂದು ಕೊಟ್ಟರೆ ಡಿಬಗ್‌ಪೈ 127.0.0.1ರಲ್ಲಿ ಕೂರುತ್ತದೆ, ಅದು ಕಂಟೇನರಿನದೇ ಲೋಕಲ್‌ಹೋಸ್ಟ್, ಹೊರಗಿನ ಕನೆಕ್ಷನ್ ಅಲ್ಲಿಗೆ ಮುಟ್ಟುವುದಿಲ್ಲ. ಕಂಪೋಸ್‌ನ ಪೋರ್ಟ್ಸ್ ಸಾಲಿನಲ್ಲಿ ಮಾತ್ರ 127.0.0.1:5678:5678 ಎಂದೇ ಬರೆಯಿರಿ. ಈ ಪೋರ್ಟ್ ಪಾಸ್‌ವರ್ಡ್ ಕೇಳುವುದಿಲ್ಲ. ಕನೆಕ್ಟ್ ಆದವರು ಆ್ಯಪ್ ಒಳಗೆ ಯಾವ ಕೋಡನ್ನಾದರೂ ಓಡಿಸಬಹುದು. ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ.

ವಿಎಸ್ ಕೋಡ್‌ನ ಲಾಂಚ್ ಕಾನ್ಫಿಗರೇಶನ್‌ನಲ್ಲಿ ಟೈಪ್ ಡಿಬಗ್‌ಪೈ, ರಿಕ್ವೆಸ್ಟ್ ಅಟ್ಯಾಚ್, ಹೋಸ್ಟ್ ಲೋಕಲ್‌ಹೋಸ್ಟ್, ಪೋರ್ಟ್ 5678. ಹೆಚ್ಚಿನ ತೊಂದರೆ ಬರುವುದು ಇದರ ನಂತರದ ಪಾತ್ ಮ್ಯಾಪಿಂಗ್‌ನಲ್ಲಿ, ಅಂದರೆ ನಿಮ್ಮ ಕಂಪ್ಯೂಟರಿನ ಫೋಲ್ಡರ್ (ಲೋಕಲ್ ರೂಟ್) ಕಂಟೇನರಿನ ಯಾವ ಫೋಲ್ಡರಿಗೆ (ರಿಮೋಟ್ ರೂಟ್) ಸಮ ಎಂದು ಹೇಳುವಲ್ಲಿ. ಡಾಕರ್‌ಫೈಲ್ ನಿಮ್ಮ ಪ್ರಾಜೆಕ್ಟ್‌ನ ಸೋರ್ಸ್ ಫೋಲ್ಡರಿನ ಒಳಗಿದ್ದುದನ್ನಷ್ಟೇ ಕಂಟೇನರಿಗೆ ಕಾಪಿ ಮಾಡುತ್ತಿದ್ದರೆ, ಲೋಕಲ್ ರೂಟ್ ಆ ಸೋರ್ಸ್ ಫೋಲ್ಡರೇ ಆಗಬೇಕು, ಇಡೀ ವರ್ಕ್‌ಸ್ಪೇಸ್ ಅಲ್ಲ. ಒಂದು ಹಂತ ತಪ್ಪಿದರೂ ಡಿಬಗರ್ ಕನೆಕ್ಟ್ ಆಗುತ್ತದೆ, ಆದರೆ ಬ್ರೇಕ್‌ಪಾಯಿಂಟ್‌ನ ಕೆಂಪು ಚುಕ್ಕಿ ಬೂದು ಬಣ್ಣದ ಟೊಳ್ಳು ಉಂಗುರವಾಗುತ್ತದೆ. ಅದರ ಮೇಲೆ ಮೌಸ್ ಇಟ್ಟರೆ ಅಂಥ ಫೈಲ್ ಇಲ್ಲ ಎಂಬ ಸಂದೇಶ ಬರುತ್ತದೆ. ಊಹೆ ಮಾಡುತ್ತ ಕೂರಬೇಡಿ: ಕಂಪೋಸ್ ಎಕ್ಸೆಕ್‌ನಿಂದ ಒಳಹೊಕ್ಕು, ಪೈಥಾನ್‌ನಲ್ಲಿ ನಿಮ್ಮ ಮಾಡ್ಯೂಲ್ ಇಂಪೋರ್ಟ್ ಮಾಡಿ, ಅದರ ಡಂಡರ್ ಫೈಲ್ (__file__, ಮಾಡ್ಯೂಲ್ ಇರುವ ಪಾತ್) ಪ್ರಿಂಟ್ ಮಾಡಿ. ಅಲ್ಲಿ ಕಂಡ ಫೋಲ್ಡರ್‌ನಿಂದಲೇ ರಿಮೋಟ್ ರೂಟ್ ಹೊಂದಿಸಿ. ಕೋಡ್ ಮೌಂಟ್ ಮಾಡದೆ ಬರೀ ಕಾಪಿ ಮಾಡಿದ್ದರೆ, ತಿದ್ದಿದ ಮೇಲೆ ಮತ್ತೆ ಬಿಲ್ಡ್ ಆಗಲೇಬೇಕು. ಇಲ್ಲವಾದರೆ ಎಡಿಟರ್ ತೋರಿಸುವ ಸಾಲೇ ಬೇರೆ, ಓಡುತ್ತಿರುವ ಸಾಲೇ ಬೇರೆ.

ಕೋಡ್ ಬದಲಾದಾಗ ಆ್ಯಪನ್ನು ತಾನೇ ಮತ್ತೆ ಶುರುಮಾಡುವ ಫ್ಲಾಸ್ಕ್‌ನ ರೀಲೋಡರ್ ಆಫ್ ಮಾಡಿಬಿಡಿ. ಅದು ಆ್ಯಪನ್ನು ಚೈಲ್ಡ್ ಪ್ರೊಸೆಸ್‌ನಲ್ಲಿ ಓಡಿಸುವುದರಿಂದ, ಕೋಡ್‌ನೊಳಗೇ ಡಿಬಗ್‌ಪೈನ ಲಿಸನ್ ಕರೆದಿದ್ದರೆ ಎರಡೂ ಪ್ರೊಸೆಸ್‌ಗಳು ಒಂದೇ ಪೋರ್ಟ್‌ಗೆ ಕೈ ಹಾಕಿ ‘ಅಡ್ರೆಸ್ ಆಲ್ರೆಡಿ ಇನ್ ಯೂಸ್’ ಎರರ್ ಬರುತ್ತದೆ.

ವೇಟ್ ಫಾರ್ ಕ್ಲೈಂಟ್ ಆಯ್ಕೆ ಆ್ಯಪ್ ಶುರುವಾಗುವ ಹಂತದ ಬಗ್ ಹುಡುಕುವಾಗ ಮಾತ್ರ ಬೇಕು. ಉಳಿದ ಸಮಯದಲ್ಲೂ ಅದನ್ನು ಹಾಗೇ ಇಟ್ಟರೆ ಎಡಿಟರ್ ಅಟ್ಯಾಚ್ ಆಗುವವರೆಗೂ ಆ್ಯಪ್ ಏಳುವುದಿಲ್ಲ, ಹೆಲ್ತ್ ಚೆಕ್ ಫೇಲ್ ಆಗುತ್ತದೆ.

ಆ್ಯಪ್ ಓಡಿಸಲು ಗುನಿಕಾರ್ನ್ ಎಂಬ ಪೈಥಾನ್ ವೆಬ್ ಸರ್ವರ್ ಇದ್ದರೆ ವರ್ಕರ್ 1, ಟೈಮ್‌ಔಟ್ 0 ಇಡಿ. ಡೀಫಾಲ್ಟ್ ಟೈಮ್‌ಔಟ್ 30 ಸೆಕೆಂಡ್. ಬ್ರೇಕ್‌ಪಾಯಿಂಟ್‌ನಲ್ಲಿ ನಿಂತ ಸಿಂಕ್ ವರ್ಕರ್ ಸತ್ತಿದೆ ಎಂದುಕೊಂಡು ಮಾಸ್ಟರ್ ಅದನ್ನು ಕೊಲ್ಲುತ್ತದೆ, ನೀವು ವೇರಿಯೇಬಲ್ ನೋಡುತ್ತಿರುವಾಗಲೇ ಸೆಷನ್ ಕಡಿದುಹೋಗುತ್ತದೆ.