ಬೆಂಗಳೂರಲ್ಲಿ ಸಂಗೀತ ಕಛೇರಿ, ತುಮಕೂರಲ್ಲಿ ನಿದ್ದೆ: ಒಂದೇ ರಾತ್ರಿಯಲ್ಲಿ ಹೇಗೆ?

ತುಮಕೂರಿನಿಂದ ಬೆಂಗಳೂರಿಗೆ ಸುಮಾರು 70 ಕಿ.ಮೀ. ಸಂಜೆ ಆರೂವರೆಯ ಕಛೇರಿ ಕೇಳಿ ಅದೇ ರಾತ್ರಿ ಮನೆಗೆ ಬಂದು ಮಲಗುವುದು ಕಷ್ಟವೇನಲ್ಲ. ಹೆಚ್ಚಿನವರು ಎಡವುವುದು ಮೊದಲ ಹೆಜ್ಜೆಯಲ್ಲೇ. ಯಾರು ಹಾಡುತ್ತಾರೆ ಎಂದು ನೋಡಿ ಹೊರಡುತ್ತಾರೆ, ಎಲ್ಲಿ ಹಾಡುತ್ತಾರೆ ಎಂಬುದು ಬಸ್ಸಿಳಿದ ಮೇಲೆ ನೆನಪಾಗುತ್ತದೆ. ಊರಿನ ಪೂರ್ವಕ್ಕಿರುವ ದೊಮ್ಮಲೂರಿನ ಸಭಾಂಗಣವಾದರೆ, ಮೊದಲ ಹಾಡಾದ ವರ್ಣ ಮುಗಿಯುವ ಮೊದಲೇ ಕಣ್ಣು ಗಡಿಯಾರದ ಮೇಲೆ. ಹಾಗಾಗಿ ಲೆಕ್ಕವನ್ನು ಹಿಂದಿನಿಂದ ಹಾಕಿ: ಮೊದಲು ವಾಪಸು ಬರುವ ದಾರಿ, ಆಮೇಲೆ ಸಭಾಂಗಣ, ಕೊನೆಗೆ ಕಲಾವಿದರು.

ಹಸಿರು ಮಾರ್ಗದ ಮೇಲೆ ಬೆರಳಿಡಿ

ನಮ್ಮ ಮೆಟ್ರೊದ ಹಸಿರು ಮಾರ್ಗ ತುಮಕೂರು ರಸ್ತೆಯುದ್ದಕ್ಕೂ ಬರುತ್ತದೆ. 2024ರ ನವೆಂಬರ್‌ನಿಂದ ಅದು ಮಾದಾವರದವರೆಗೂ ಓಡುತ್ತಿದೆ. ಹಳೆಯ ಸಂಗೀತ ಸಭೆಗಳಿರುವ ಬಡಾವಣೆಗಳೂ ಇದೇ ಮಾರ್ಗದ ಆಸುಪಾಸಿನಲ್ಲಿವೆ. ತುಮಕೂರಿನವರಿಗೆ ಇದಕ್ಕಿಂತ ಅನುಕೂಲ ಬೇಕಿಲ್ಲ.

ಒಂದೇ ಒಂದು ಕಡೆ ಹೋಗುವುದಾದರೆ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನಕ್ಕೆ ಹೋಗಿ. ಶ್ರೀರಾಮ ಸೇವಾ ಮಂಡಳಿಯ ರಾಮನವಮಿ ಸಂಗೀತೋತ್ಸವ 1939ರಲ್ಲಿ ಶುರುವಾದದ್ದು. ಯುಗಾದಿಯ ಆಸುಪಾಸಿನಲ್ಲಿ ಆರಂಭವಾದರೆ ತಿಂಗಳಿಗೂ ಹೆಚ್ಚು ಕಾಲ ನಡೆಯುತ್ತದೆ. ಡಿಸೆಂಬರ್ ಪೂರ್ತಿ ಚೆನ್ನೈಯ ಸಂಗೀತೋತ್ಸವಗಳಲ್ಲೇ ಮುಳುಗಿರುವ ದೊಡ್ಡ ಹೆಸರುಗಳೆಲ್ಲ ಈ ಹೊತ್ತಿಗೆ ಇಲ್ಲಿ ಸಿಗುತ್ತಾರೆ. ಕೆ.ಆರ್. ಮಾರುಕಟ್ಟೆ ಮೆಟ್ರೊ ನಿಲ್ದಾಣದಿಂದ ನಡೆದೇ ಹೋಗಬಹುದು. ಇದು ಚಪ್ಪರದ ಕಛೇರಿ ಎಂಬುದು ಮಾತ್ರ ನೆನಪಿರಲಿ: ಸೆಕೆ, ಫ್ಯಾನಿನ ಗಾಳಿ, ಹೊರಗಿನ ಹಾರನ್ನು ಎಲ್ಲವೂ ಇರುತ್ತವೆ. ಏಪ್ರಿಲ್, ಮೇ ಮಳೆ ಬಂದರೆ ಅಂಚಿನ ಸಾಲಿನವರಿಗೆ ಎರಚಲು ಖಂಡಿತ. ನಡುವಿನ ಸಾಲು ಹಿಡಿಯಿರಿ, ಕೊಡೆ ಚೀಲದಲ್ಲಿರಲಿ.

ಬೆಂಗಳೂರು ಗಾಯನ ಸಮಾಜ 1905ರದು. ಕೆ.ಆರ್. ರಸ್ತೆಯಲ್ಲಿದೆ, ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿಳಿದರೆ ಹತ್ತಿರ. ವಿ.ವಿ. ಪುರದ ತಿಂಡಿ ಬೀದಿಯೂ ಅಲ್ಲೇ ಸಮೀಪ. ಆದರೆ ಹೋಳಿಗೆ ತಿಂದು ಕಛೇರಿಗೆ ಕೂತರೆ ಆಲಾಪನೆಗೇ ಜೋಂಪು ಹತ್ತುತ್ತದೆ. ಬಸವನಗುಡಿಯ ಬಿ.ಪಿ. ವಾಡಿಯಾ ರಸ್ತೆಯಲ್ಲಿರುವ, 1945ರಲ್ಲಿ ಸ್ಥಾಪನೆಯಾದ ವಿಶ್ವ ಸಂಸ್ಕೃತಿ ಸಂಸ್ಥೆಯ ಕಾರ್ಯಕ್ರಮಗಳಿಗೆ ಸಾಮಾನ್ಯವಾಗಿ ಟಿಕೆಟ್ ಇರುವುದಿಲ್ಲ.

ಚೌಡಯ್ಯ ಸ್ಮಾರಕ ಭವನ ಮೆಟ್ರೊದಿಂದ ಸ್ವಲ್ಪ ದೂರ. ಸಂಪಿಗೆ ರಸ್ತೆ ನಿಲ್ದಾಣದಿಂದ ಆಟೊ ಬೇಕು. ಏಳು ತಂತಿಯ ಪಿಟೀಲಿಗೆ ಹೆಸರಾದ ಟಿ. ಚೌಡಯ್ಯನವರ ನೆನಪಿಗೆ ಪಿಟೀಲಿನ ಆಕಾರದಲ್ಲೇ ಕಟ್ಟಿದ ಭವನ. ಒಮ್ಮೆ ನೋಡಲೇಬೇಕು, ಆದರೆ ವಾರದ ದಿನ ಬೇಡ. ರಾತ್ರಿ ಒಂಬತ್ತೂವರೆಗೆ ನೂರಾರು ಜನ ಒಟ್ಟಿಗೆ ಹೊರಬಂದಾಗ ಆಟೊ ಹಿಡಿಯುವುದರಲ್ಲೇ ಇಪ್ಪತ್ತು ನಿಮಿಷ ಹೋಗುತ್ತದೆ.

ಸಿನಿಮಾ ಹಾಡು, ಪಾಪ್, ರಾಕ್ ನಿಮ್ಮ ರುಚಿಯಾದರೆ ಅರಮನೆ ಮೈದಾನಕ್ಕಿಂತ ಮಾದಾವರದ ನೈಸ್ ಮೈದಾನದ ಕಾರ್ಯಕ್ರಮಗಳ ಮೇಲೆ ಕಣ್ಣಿಡಿ. 2025ರ ಫೆಬ್ರುವರಿಯಲ್ಲಿ ಎಡ್ ಶೀರನ್ ಹಾಡಿದ್ದು ಅಲ್ಲೇ. ನೆಲಮಂಗಲ ದಾಟಿದರೆ ಬಂತು, ಊರೊಳಗೆ ಹೋಗುವ ಗೋಜೇ ಇಲ್ಲ. ಇಂಥ ಕಡೆ ವೇದಿಕೆಯ ಮುಂದೆ ನುಗ್ಗಬೇಡಿ. ಸೌಂಡ್ ಎಂಜಿನಿಯರ್ ಕೂರುವ ಗುಡಾರ ಹುಡುಕಿ, ಅದರ ಮುಂದೆಯೋ ಪಕ್ಕದಲ್ಲೋ ನಿಲ್ಲಿ. ಆತ ತನ್ನ ಕಿವಿಗೆ ಕೇಳುವುದನ್ನೇ ನೋಡಿಕೊಂಡು ಧ್ವನಿ ಹದ ಮಾಡುತ್ತಾನೆ, ಹಾಗಾಗಿ ಅತಿ ಸ್ಪಷ್ಟ ಸದ್ದು ಸಿಗುವುದು ಅಲ್ಲೇ. ಕಾರಿನಲ್ಲಿ ಹೋದರೆ ಮೈದಾನದೊಳಗೆ ನಿಲ್ಲಿಸದೆ ದೂರದಲ್ಲಿ ನಿಲ್ಲಿಸಿ ನಡೆಯಿರಿ. ಒಳಗೆ ಸಿಕ್ಕಿಕೊಂಡರೆ ಹೊರಗೆ ಬರುವುದಕ್ಕೇ ಒಂದು ಗಂಟೆ ಬೇಕಾದೀತು.

ಎಲ್ಲಿ ಕೂರಬೇಕು

ಕರ್ನಾಟಕ ಸಂಗೀತದ ಕಛೇರಿಗೆ ಮುಂದಿನ ಸಾಲುಗಳ ಆಸೆ ಬೇಡ. ಅವು ಬಹುಪಾಲು ಸದಸ್ಯರಿಗೆ, ದಾನಿಗಳಿಗೆ ಮೀಸಲು. ಖಾಲಿ ಇದೆಯೆಂದು ಕೂತವರನ್ನು ಎರಡನೇ ಕೀರ್ತನೆಯ ಹೊತ್ತಿಗೆ ಎಬ್ಬಿಸುತ್ತಾರೆ. ಸಭಾಂಗಣದ ಮೂರನೇ ಒಂದು ಭಾಗ ದಾಟಿದ ಮೇಲೆ, ನಡುದಾರಿಗೆ ಅಂಟಿದ ಕುರ್ಚಿ ಹಿಡಿಯಿರಿ. ಸ್ಪೀಕರು ನೇರ ಕಿವಿಗೆ ಬಡಿಯುವುದಿಲ್ಲ, ಏಳುವಾಗ ಯಾರ ಮೊಣಕಾಲನ್ನೂ ದಾಟಬೇಕಿಲ್ಲ.

ಮೃದಂಗ ನೋಡುವ ಆಸೆಯಿದ್ದರೆ ಎಡಗಡೆ ಕೂರಿ. ಮೃದಂಗದವರು ಗಾಯಕರ ಬಲಕ್ಕೆ, ಅಂದರೆ ನಮ್ಮ ಎಡಕ್ಕೆ ಕೂರುತ್ತಾರೆ. ಕರಣೆ (ಕಪ್ಪು ಲೇಪ) ಹಚ್ಚಿದ ಬಲಮುಖ ಸಭಿಕರತ್ತ ಬರಲಿ ಎಂಬುದು ಅದರ ಕಾರಣ. ಎಡಗೈಯಲ್ಲಿ ನುಡಿಸುವವರಾದರೆ ಮೃದಂಗ, ಪಿಟೀಲುಗಳ ಜಾಗ ಅದಲುಬದಲಾಗುತ್ತದೆ.

ಕಛೇರಿಯ ಗಡಿಯಾರ

ಎರಡೂವರೆ, ಮೂರು ಗಂಟೆಯ ಕಛೇರಿಗೆ ತನ್ನದೇ ವೇಳಾಪಟ್ಟಿಯಿದೆ. ಅದು ಗೊತ್ತಿದ್ದರೆ ಕೈಗಡಿಯಾರ ಬೇಡ. ವರ್ಣ, ಆಮೇಲೆ ಎರಡು ಮೂರು ಕೀರ್ತನೆ. ಸುಮಾರು ಒಂದೂಕಾಲು ಗಂಟೆ ಕಳೆದ ಮೇಲೆ ದೀರ್ಘ ಆಲಾಪನೆ ಬಂದರೆ ಅದು ಮುಖ್ಯ ರಾಗ. ಪಿಟೀಲಿನವರೂ ಅದನ್ನೇ ವಿಸ್ತರಿಸುತ್ತಾರೆ, ನಂತರ ಕೀರ್ತನೆ, ನೆರವಲ್ (ಒಂದೇ ಸಾಲನ್ನು ಬಗೆಬಗೆಯಾಗಿ ಬೆಳೆಸಿ ಹಾಡುವುದು), ಕಲ್ಪನಾಸ್ವರ (ಆಗಲೇ ಹೊಸೆದು ಹಾಡುವ ಸರಿಗಮ). ಗಾಯಕರು ಹಾಡು ನಿಲ್ಲಿಸಿ ಬರೀ ತಾಳ ಹಾಕುತ್ತಾ ಮೃದಂಗದ ಕಡೆ ತಿರುಗಿದರೆ ತನಿ ಆವರ್ತನ, ಅಂದರೆ ತಾಳವಾದ್ಯದವರು ಮಾತ್ರ ನುಡಿಸುವ ಭಾಗ, ಶುರುವಾಯಿತು.

ಅರ್ಧ ಸಭಾಂಗಣ ಎದ್ದು ಕಾಫಿಗೆ ಹೋಗುವುದು ಆಗಲೇ. ಕೆಟ್ಟ ರೂಢಿ. ತಾಳವಾದ್ಯದವರ ಪಾಲಿಗೆ ಇಡೀ ಸಂಜೆಯಲ್ಲಿ ದಕ್ಕುವುದು ಆ ಹತ್ತು ಹದಿನೈದು ನಿಮಿಷ ಮಾತ್ರ. ಕೂತು ತಾಳ ಹಾಕಿ ನೋಡಿ. ಆದಿ ತಾಳವಾದರೆ ಒಂದು ಪೆಟ್ಟು, ಕಿರುಬೆರಳು, ಉಂಗುರ ಬೆರಳು, ನಡುಬೆರಳು; ಮತ್ತೆ ಪೆಟ್ಟು, ಅಂಗೈ ಮಗುಚು; ಪೆಟ್ಟು, ಮಗುಚು. ಒಟ್ಟು ಎಂಟು. ಕೊನೆಯಲ್ಲಿ ಒಂದೇ ಲೆಕ್ಕದ ಜತಿಗುಚ್ಛ (ಮೃದಂಗದ ನುಡಿಗಳ ಗೊಂಚಲು) ಮೂರು ಸಲ ಬಂದು, ಗಾಯಕರು ಸಾಹಿತ್ಯದ ಸಾಲು ಎತ್ತಿಕೊಳ್ಳುವ ಜಾಗಕ್ಕೇ ಸರಿಯಾಗಿ ಬೀಳುತ್ತದೆ. ನಿಮ್ಮ ಕೈಯೂ ಅಲ್ಲೇ ಇದ್ದರೆ ಬಸ್ ಚಾರ್ಜು ವಸೂಲಾಯಿತು.

ಬೇಗ ಹೊರಡಲೇಬೇಕಾದವರು ಈ ಮುಖ್ಯ ರಾಗದ ಕೀರ್ತನೆ ಮುಗಿದು ಚಪ್ಪಾಳೆ ಬಿದ್ದಾಗ ಏಳಿ. ಆರೂವರೆಗೆ ಶುರುವಾದ ಕಛೇರಿಯಲ್ಲಿ ಆಗ ಒಂಬತ್ತರ ಸುಮಾರು. ಮುಂದೆ ದೇವರನಾಮ, ತಿಲ್ಲಾನ, ಮಂಗಳ. ದಾಸರ ಪದಗಳಿಗೆಂದೇ ಬಂದವರು ಇನ್ನೊಂದು ಇಪ್ಪತ್ತು ನಿಮಿಷದ ಲೆಕ್ಕ ಇಟ್ಟುಕೊಳ್ಳಬೇಕು.

ವಾಪಸು

ಮೆಟ್ರೊ ಕಾರ್ಡಿಗೆ ಬೆಳಗ್ಗೆಯೇ ದುಡ್ಡು ಹಾಕಿಸಿ, ರಾತ್ರಿ ಕೌಂಟರಿನ ಮುಂದೆ ಸಾಲು ನಿಲ್ಲಬೇಡಿ. ಕೆ.ಆರ್. ಮಾರುಕಟ್ಟೆಯಿಂದ ಹತ್ತನೇ ನಿಲ್ದಾಣ ಗೊರಗುಂಟೆಪಾಳ್ಯ. ಬಸ್ಸಿಗೆ ಅಲ್ಲೇ ಇಳಿಯಿರಿ. ಇನ್ನೂ ಮುಂದೆ ಹೋದಷ್ಟೂ ತುಮಕೂರು ಹತ್ತಿರ ಎಂದುಕೊಂಡು ಜಾಲಹಳ್ಳಿ ಕ್ರಾಸಿನಲ್ಲಿ ನಿಂತರೆ, ಕೆಲವು ಬಸ್ಸುಗಳು ಪೀಣ್ಯ ಮೇಲ್ಸೇತುವೆ ಹತ್ತಿ ನಿಮ್ಮ ತಲೆಯ ಮೇಲಿಂದಲೇ ಹೋಗಿಬಿಡುತ್ತವೆ. ಹಾಸನದ ಬೋರ್ಡು ನೋಡಿ ಹತ್ತಬೇಡಿ, ಅದು ನೆಲಮಂಗಲದಲ್ಲಿ ಕುಣಿಗಲ್ ಕಡೆ ತಿರುಗುತ್ತದೆ. ಶಿವಮೊಗ್ಗ, ದಾವಣಗೆರೆ, ಚಿತ್ರದುರ್ಗದ ಬಸ್ಸಾದರೆ ಸರಿ. ಶಕ್ತಿ ಯೋಜನೆಯಲ್ಲಿ ಬರುವ ಮಹಿಳೆಯರು ಗುರುತಿನ ಚೀಟಿ ಮರೆಯದೆ ವೇಗದೂತವನ್ನೇ ಹಿಡಿಯಬೇಕು, ರಾಜಹಂಸ, ಐರಾವತದಲ್ಲಿ ಅದು ನಡೆಯುವುದಿಲ್ಲ.

ರೈಲಾದರೆ ಮೆಟ್ರೊದಿಂದ ಯಶವಂತಪುರದಲ್ಲಿ ಇಳಿಯಿರಿ. ಇಲ್ಲಿ ಎರಡು ಕಡೆ ಸಿಕ್ಕಿಬೀಳುತ್ತಾರೆ. ಜನರಲ್ ಟಿಕೆಟ್ ಕೊಂಡ ಮೂರು ಗಂಟೆಯೊಳಗೆ ಪ್ರಯಾಣ ಶುರುವಾಗಬೇಕೆಂಬುದು ಇಷ್ಟು ದೂರಕ್ಕಿರುವ ನಿಯಮ. ಆರಕ್ಕೇ ಮೊಬೈಲಿನಲ್ಲಿ ತೆಗೆದಿಟ್ಟದ್ದು ಹತ್ತರ ರೈಲಿಗೆ ನಂಬಿಕೆಗಿಲ್ಲ. ಇನ್ನೊಂದು, ಅದೇ ಟಿಕೆಟಿನಲ್ಲಿ 'ಒಂದು ಗಂಟೆ ತಾನೆ' ಎಂದು ಸ್ಲೀಪರ್ ಬೋಗಿ ಹತ್ತಿದರೆ ದಂಡ ಬೀಳುತ್ತದೆ.

ಬಸ್ ಹತ್ತುವಾಗಲೇ ಕಂಡಕ್ಟರನ್ನು ಕೇಳಿ: 'ಬಸ್ ಸ್ಟ್ಯಾಂಡ್ ಒಳಗೆ ಹೋಗುತ್ತಾ, ಬೈಪಾಸಾ?' ದೂರದ ಬಸ್ಸುಗಳು ರಾತ್ರಿ ಊರೊಳಗೆ ಬಾರದೆ ಕ್ಯಾತ್ಸಂದ್ರದ ಹತ್ತಿರ ಇಳಿಸಿ ಹೊರಟುಬಿಡುವುದುಂಟು. ಹಾಗಾದರೆ ಗೊತ್ತಿರುವ ಆಟೊದವರಿಗೆ ನೆಲಮಂಗಲ ದಾಟುತ್ತಲೇ ಫೋನ್ ಮಾಡಿ. ಆ ಹೊತ್ತಿಗೆ ಕ್ಯಾತ್ಸಂದ್ರದ ತಟ್ಟೆ ಇಡ್ಲಿಯ ಆಸೆ ಇಟ್ಟುಕೊಳ್ಳಬೇಡಿ, ಊಟ ಬೆಂಗಳೂರಿನಲ್ಲೇ ಮುಗಿಸಿ ಹತ್ತಿ.